ಲಾಂಚಿನ ನೆಲದ ವಾರ್ನಿಶ್

೧೯೩೬ನೇ ಇಸವಿ ಫೆಬ್ರವರಿ ೩, ಸೋಮವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ನಾರಪ್ಪ ತನ್ನ ಮನೆಯ ಮುಂಬಾಗಿಲಿನ ಅಡಿಯಲ್ಲಿ ಕೊನೆಯ ಸ್ಕ್ರೂ ಬಿಗಿದು, ಮಂಡಿಗಂಟಿದ ಧೂಳು ಕೊಡವಿ, ಗಡಿಯಾರ ನೋಡಿ ಆ ಹೊತ್ತನ್ನು ನೋಟ್‌ಪುಸ್ತಕದಲ್ಲಿ ಬರೆದುಕೊಂಡ. ಬಾಗಿಲಿನ ಅಗಲ ಮೂರು ಅಡಿ. ಅಷ್ಟಗಲಕ್ಕೂ ಒಂದರ ಪಕ್ಕ ಒಂದರಂತೆ ಒಂಬತ್ತೊಂಬತ್ತು ಇಂಚಿನ ನಾಲ್ಕು ತೇಗದ ತುಂಡುಗಳನ್ನು ಕೂರಿಸಿದ್ದ. ಮೊದಲನೆಯದಕ್ಕೆ ಕಡಲಾಚೆಯಿಂದ ಡಬ್ಬಿಯಲ್ಲಿ ಬಂದ ದೋಣಿ ವಾರ್ನಿಶ್. ಎರಡನೆಯದಕ್ಕೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು. ಮೂರನೆಯದಕ್ಕೆ ಅಗಸೆ ಎಣ್ಣೆಯಲ್ಲಿ ರಾಳ ಕುದಿಸಿ ನಾರಪ್ಪ ತಾನೇ ಮಾಡಿದ ವಾರ್ನಿಶ್. ನಾಲ್ಕನೆಯದು ಬರಿ ಮರ. ಹೋಲಿಸಿ ನೋಡಲು ಏನೂ ಹಚ್ಚದ್ದೊಂದು ಇರಲೇಬೇಕೆಂದು ಅವನು ಬೆಂಗಳೂರಿನ ಕಾಲೇಜಿನಲ್ಲಿ ಕಲಿತಿದ್ದ. ಕಲಿತದ್ದನ್ನು ಮರೆಯುವ ಜಾಯಮಾನ ಅವನದಲ್ಲ.

ಒಳಗಿನಿಂದ ಬಂದ ತಾಯಿ ಮುತ್ತಮ್ಮ ಬಾಗಿಲನ್ನು ನೋಡಿ ಕಣ್ಣರಳಿಸಿದಳು.

"ಅಂತೂ ಒಸ್ಲು ಇಟ್ಯಲ್ಲಾ ಮಗಾ! ಐದು ವರ್ಸದಿಂದ ಬಡ್ಕಂತಿದ್ದೆ."

ಮೇಟ್ಟೂರಿನ ಅಣೆಕಟ್ಟು ಕಟ್ಟುವಾಗ ನೌಕರರಿಗೆಂದು ಎಬ್ಬಿಸಿದ ಸಾಲುಮನೆಗಳಿಗೆ ಹೊಸ್ತಿಲೇ ಇರಲಿಲ್ಲ. ಬಾಗಿಲ ಅಡಿಗೆ ಸಿಮೆಂಟು ಬಳಿದು ಬಿಟ್ಟಿದ್ದರು. ನಂಗವಳ್ಳಿಯ ಹೊಲಮನೆಯಿಂದ ಬಂದ ಮುತ್ತಮ್ಮನಿಗೆ ಅದು ಮನೆಯಾಗಿ ಕಂಡೇ ಇರಲಿಲ್ಲ.

"ಇದು ಹೊಸ್ತಿಲಲ್ಲ ಅವ್ವ, ಎಕ್ಸ್‌ಪೆರಿಮೆಂಟು."

"ಅದೇನಾರಾ ಆಗ್ಲಿ. ಅರಿಸ್ನ ಅಚ್ಚಾಕೆ ಒಂದು ಜಾಗ ಆಯ್ತು."

ನಾರಪ್ಪ ಗಾಬರಿಯಾದ. ಒಂದು ತುಂಡಿಗೆ ಅರಿಸಿನ ಬಿದ್ದು ಇನ್ನೊಂದಕ್ಕೆ ಬೀಳದಿದ್ದರೆ ಪರೀಕ್ಷೆಯೇ ಕೆಟ್ಟಿತು. "ಹಚ್ಚೋದಾದ್ರೆ ನಾಲ್ಕಕ್ಕೂ ಒಂದೇ ಸಮ ಹಚ್ಚಬೇಕು. ವಾರಕ್ಕೆ ಒಂದೇ ಸಲ," ಎಂದ.

"ವಾರಕ್ಕೆ ಶುಕ್ರವಾರ ಬರೋದೂ ಒಂದೇ ಕಿತ ಅಲ್ವಾ," ಎಂದು ಮುತ್ತಮ್ಮ ಅರಿಸಿನ ಎಷ್ಟಿದೆಯೆಂದು ನೋಡಲು ಒಳಗೆ ಹೋದಳು.

ಈ ಪರೀಕ್ಷೆಯ ಮೇಲೆ ನಾರಪ್ಪನ ಅನ್ನ ನಿಂತಿತ್ತು. ಕಟ್ಟಡದ ಸಾಮಾನು ಪರೀಕ್ಷಿಸುವ ಪ್ರಯೋಗಶಾಲೆಗೆ ಅವನು ಸೇರಿದಾಗ ಅಲ್ಲಿ ಹನ್ನೊಂದು ಜನರಿದ್ದರು. ಗಾರೆ, ಮರಳು, ಕಬ್ಬಿಣ ಎಲ್ಲವನ್ನೂ ಅವರು ಒಡೆದು, ಎಳೆದು, ತೂಗಿ ನೋಡಿದರು. ಅವರು ಎಷ್ಟು ಚೆನ್ನಾಗಿ ನೋಡಿದರೆಂದರೆ ಅಣೆಕಟ್ಟು ಸಲೀಸಾಗಿ ಮುಗಿದು, ನೀರು ನಿಂತು, ಪರೀಕ್ಷಿಸಲು ಏನೂ ಉಳಿಯದೆ ಹತ್ತು ಜನರಿಗೆ ಕೆಲಸ ಹೋಯಿತು. ಉಳಿದವನು ನಾರಪ್ಪ ಒಬ್ಬನೇ. ಮೂರು ಮೂರು ತಿಂಗಳಿಗೆ ಮುಂದೂಡುತ್ತ ಬಂದಿದ್ದ ಅವನ ನೌಕರಿ ಏಪ್ರಿಲ್ ಕೊನೆಗೆ ಮುಗಿಯುವುದಿತ್ತು. ಹೆಂಡತಿ ಹೆರಿಗೆಗೆಂದು ಕಂಬೈನಲ್ಲೂರಿನ ತೌರಿಗೆ ಹೋಗಿದ್ದಳು. ನೌಕರಿ ಹೋದರೆ ಮನೆಯನ್ನೂ ಬಿಡಬೇಕು. ಕೂಸನ್ನು ಎತ್ತಿಕೊಂಡು ಅವಳು ಯಾವ ಬಾಗಿಲಿಗೆ ಬರಬೇಕು?

ಆಗ ಈ ಲಾಂಚು ಬಂತು. ಜಲಾಶಯದ ಮೇಲೆ ತಿರುಗಾಡಿ ದಡ ನೋಡಿ ಬರಲು ಇಲಾಖೆಯವರೇ ಕಟ್ಟಿಸುತ್ತಿದ್ದ ಮೋಟಾರು ದೋಣಿ. ಅದರೊಳಗೆ ಕಿಟಕಿಗಳಿರುವ ಒಂದು ಕೋಣೆ, ಕೋಣೆಗೆ ತೇಗದ ಹಲಗೆಯ ನೆಲ. ಹಿಂದಿನ ದೋಣಿಯ ನೆಲದ ವಾರ್ನಿಶ್ ಆರೇ ತಿಂಗಳಿಗೆ ಹಾವಿನ ಪೊರೆಯಂತೆ ಕಳಚಿ ಹಿರಿಯ ಇಂಜಿನಿಯರ್ ಆಗಿದ್ದ ಬಿಳಿಯ ದೊರೆಯ ಬೂಟಿಗೆ ಅಂಟಿಕೊಂಡಿತ್ತಂತೆ. ನಾರಪ್ಪನ ಮೇಲಧಿಕಾರಿ ವೆಂಕಟಾಚಲಂ ಅವನನ್ನು ಕರೆದು ಹೇಳಿದರು. ಅವರು ಸೇಲಂನವರು, ತಮಿಳಿನ ಮೇಲೆ ತೆಳ್ಳಗೆ ಒಂದು ಕೋಟು ಬಳಿದ ಹಾಗಿತ್ತು ಅವರ ಕನ್ನಡ.

"ನಾರಪ್ಪಾ, ಕಾಯಂ ಪೋಸ್ಟ್ ಒಂದೇ ಒಂದು ಐತೆ. ಕೊಡೋದು ಬಿಡೋದು ದೊರೆ ಕೈಲಿ. ಬಾಳಿಕೆ ಬರೋ ವಾರ್ನಿಶ್ ಒಂದು ಆರಿಸಿ ಕೊಡು. ನೆಲ ನಿಂತರೆ ನೀನೂ ನಿಂತೆ. ಪುರಿಂಜುದಾ?"

ನಾರಪ್ಪನಿಗೆ ಅರ್ಥವಾಯಿತು. ದೋಣಿಯ ಹೊರಮೈಗೆ ಬಿಸಿಲು, ನೀರು ಶತ್ರು. ಒಳನೆಲಕ್ಕೆ ಮನುಷ್ಯನೇ ಶತ್ರು. ಅವನು ತುಂಡುಗಳ ಮೇಲೆ ಬಿಸಿ ಕಾಫಿ ಚೆಲ್ಲಿದ, ಸೀಮೆಎಣ್ಣೆ ಸುರಿದ, ಮೂರು ದಿನ ನೀರಲ್ಲಿ ನೆನೆಹಾಕಿದ. ಉಳಿದದ್ದು ಕಾಲು. ಎಲ್ಲರ ಕಾಲೂ ತಪ್ಪದೆ ಬೀಳುವ ಜಾಗ ಯಾವುದು ಎಂದು ಎರಡು ದಿನ ಯೋಚಿಸಿದ. ಮನೆಯ ಬಾಗಿಲು! ಅದರಲ್ಲೂ ಅವನ ಮನೆಯ ಬಾಗಿಲು; ಹದಿನಾರು ಮನೆಗಳ ಸಾಲಿಗೆ ಇದ್ದ ಒಂದೇ ನಲ್ಲಿ ಅವನ ಹಿತ್ತಿಲಲ್ಲಿತ್ತು, ಹಿತ್ತಿಲಿಗೆ ದಾರಿ ಅವನ ನಡುಮನೆಯೊಳಗಿಂದಲೇ ಇತ್ತು. ಬೆಳಗಾದರೆ ಬಿಂದಿಗೆಗಳ ಮೆರವಣಿಗೆ.

ಎಣಿಸುವ ಕೆಲಸ ಮುತ್ತಮ್ಮನದು. "ಯಾರೇ ದಾಟಲಿ, ಒಳಗೆ ಬಂದ್ರೂ ಹೊರಗೆ ಹೋದ್ರೂ, ಈ ಮಡಕೆಗೆ ಒಂದು ಹುಣಸೆ ಬೀಜ ಹಾಕು," ಎಂದು ಹೇಳಿಕೊಟ್ಟ. ಅವಳು ಹಾಗೆಯೇ ಮಾಡಿದಳು. ಅವಳ ಲೆಕ್ಕ ಸರಿಯೇ ಎಂದು ನೋಡಲು ಒಂದು ಭಾನುವಾರ ನಾರಪ್ಪ ಜಗುಲಿಯ ಮೇಲೆ ಮೂರು ಗಂಟೆ ಕೂತು ಬರುವ ಹೋಗುವ ಒಂದೊಂದು ಮುಖವನ್ನೂ ಬರೆದುಕೊಂಡ. ತಾಯಿಯ ಬೀಜಕ್ಕೂ ಮಗನ ಪಟ್ಟಿಗೂ ಇದ್ದ ವ್ಯತ್ಯಾಸ ನೂರಕ್ಕೆ ಎರಡಕ್ಕಿಂತ ಕಡಿಮೆ. ನಡುವಿನ ತುಂಡಿಗೆ ಹೆಚ್ಚು ಕಾಲು ಬಿದ್ದು ಅಂಚಿನದಕ್ಕೆ ಕಡಿಮೆ ಬಿದ್ದೀತೆಂದು ಪ್ರತಿ ಭಾನುವಾರ ತುಂಡುಗಳ ಸ್ಥಾನ ಬದಲಿಸಿದ. ಅಕ್ಕಪಕ್ಕದವರು ಅವನನ್ನು ನೋಡಿ, ಓದಿದವರ ಮನೆಯಲ್ಲಿ ಹೊಸ್ತಿಲೂ ನಿಂತಲ್ಲಿ ನಿಲ್ಲುವುದಿಲ್ಲ ಎಂದುಕೊಂಡರು.

ಎಂಟು ವಾರ ಕಳೆದು ಮಾರ್ಚ್ ೩೦ರಂದು ಅವನು ನಾಲ್ಕನ್ನೂ ಬಿಚ್ಚಿ, ತೊಳೆದು, ಒಣಗಿಸಿದ. ಬಾಗಿಲು ಬೋಳಾಯಿತೆಂದು ತಾಯಿ ಮುಖ ಗಂಟಿಕ್ಕಿದ್ದಕ್ಕೆ ಅಲ್ಲೊಂದು ಹೊಸ ಹಲಗೆ ಬಡಿದು, ತುಂಡುಗಳೊಡನೆ ಪ್ರಯೋಗಶಾಲೆಗೆ ನಡೆದ. ಕೂರಿಸುವ ಮೊದಲು ಅಳೆದಿದ್ದಂತೆಯೇ ಒಂದೊಂದನ್ನೂ ಐದೈದು ಕಡೆ ಸ್ಕ್ರೂ ಗೇಜಿನಿಂದ ಅಳೆದ. ಆ ಗೇಜು ಒಂದು ಇಂಚಿನ ಸಾವಿರ ಪಾಲಿನಲ್ಲಿ ಒಂದು ಪಾಲನ್ನೂ ತೋರಿಸುತ್ತಿತ್ತು. ಈಗ ಅದು ಏನನ್ನೂ ತೋರಿಸಲಿಲ್ಲ. ಕಡಲಾಚೆಯ ವಾರ್ನಿಶ್ ಸವೆದಿರಲಿಲ್ಲ. ಅರಗು ಸವೆದಿರಲಿಲ್ಲ. ತನ್ನದೂ ಸವೆದಿರಲಿಲ್ಲ. ಒಂಬತ್ತು ಸಾವಿರದ ಎಂಟುನೂರ ನಲವತ್ತೆಂಟು ಸಲ ಜನ ದಾಟಿದ್ದರೂ ಸವೆತ ಸೊನ್ನೆ!

ನಾರಪ್ಪನ ಎದೆ ಉಬ್ಬಿತು. ಬರಿ ಮರವೂ ಸವೆದಿಲ್ಲವೆಂದು ಕಂಡಾಗ ಉಬ್ಬಿದ್ದು ಸ್ವಲ್ಪ ಇಳಿಯಿತು. ಅವನು ಪ್ರಾಮಾಣಿಕ. ಯೋಚಿಸಿ, ಎಂಟು ಶುಕ್ರವಾರ ಬಿದ್ದ ಅರಿಸಿನವು ಮರದ ರಂಧ್ರಗಳನ್ನು ತುಂಬಿ ಅದನ್ನು ಗಟ್ಟಿ ಮಾಡಿರಬಹುದೆಂದು ಒಂದು ಅಡಿಟಿಪ್ಪಣಿ ಬರೆದ. ತಾಯಿ ಎಣಿಸಿದ್ದನ್ನು ಇಂಗ್ಲಿಷಿನಲ್ಲಿ 'ಕ್ರಾಸ್' ಆದದ್ದು ಇಷ್ಟು ಸಲ ಎಂದು ಬರೆದ. ದಾಟುವುದಕ್ಕೆ ನಿಘಂಟಿನಲ್ಲಿಯೂ ಅದೇ ಪದ ಇತ್ತು.

ವೆಂಕಟಾಚಲಂ ವರದಿ ಓದಿ ಬೀಗಿದರು. ಅಡಿಟಿಪ್ಪಣಿಗೆ ಬಂದಾಗ ಪೆನ್ಸಿಲು ತೆಗೆದರು.

"ಏನಯ್ಯ ಇದು, ದೊರೆಗೆ ಮಂಜಳ್ ಪೂಸಿ ಕಳಿಸ್ತೀಯಾ? ನಾಳೆ ಕುಂಕುಮ ಎಷ್ಟು ಇಂಚು ಅಂತ ಕೇಳ್ತಾನೆ." ಅಡಿಟಿಪ್ಪಣಿಯನ್ನು ಹೊಡೆದುಹಾಕಿದರು. "ಎಲ್ಲಾನೂ ಸೊನ್ನೆ ಅಂದಮೇಲೆ ಕಡಲು ದಾಟಿದ ಡಬ್ಬಿ ಯಾಕೆ? ನಿನ್ನದನ್ನೇ ಬಳಿ."

ಲಾಂಚಿನ ನೆಲಕ್ಕೆ ನಾರಪ್ಪನ ವಾರ್ನಿಶ್ ಮೂರು ಕೋಟು ಬಿತ್ತು. ಏಪ್ರಿಲ್ ೨೦ರ ಸೋಮವಾರ ದೊರೆ ಅದರಲ್ಲಿ ಮೊದಲ ಸಲ ಹೊರಡುವುದೆಂದೂ, ವರದಿಯನ್ನು ಅಲ್ಲಿಯೇ ನೋಡಿ ನಾರಪ್ಪನ ವಿಷಯ ತೀರ್ಮಾನಿಸುವುದೆಂದೂ ಗೊತ್ತಾಯಿತು.

ಹಿಂದಿನ ದಿನ, ಭಾನುವಾರ ಬೆಳಿಗ್ಗೆ ಒಂಬತ್ತರ ಸುಮಾರಿಗೆ ನಾರಪ್ಪ ಅಂಬಲಿ ಕುಡಿಯುತ್ತಿದ್ದಾಗ ಕಚೇರಿಯ ಕಾವಲುಗಾರ ಚಿನ್ನರಾಜ್, ಮರುದಿನ ಎಂಟಕ್ಕೆ ಮುಂಚೆ ಲಾಂಚಿನಲ್ಲಿರಬೇಕೆಂಬ ಚೀಟಿ ತಂದ. ಅವನು ಧರ್ಮಪುರಿಯ ಕಡೆಯವನು. ಯುದ್ಧಕ್ಕೆ ಹೋಗಿ ಬಂದವನು. ಅಲ್ಲಿಂದ ತಂದದ್ದು ಒಂದು ಸಲಾಮು, ಒಂದು ಜೊತೆ ಮೊಳೆ ಹೊಡೆದ ಬೂಟು. ಅವನು ಬಾಗಿಲಲ್ಲಿ ಕಾಲೆತ್ತುತ್ತಿದ್ದಂತೆ ಮುತ್ತಮ್ಮ ಕೂಗಿದಳು.

"ಏಯ್ ಚಿನ್ನರಾಜು! ಒಸ್ಲ ಮ್ಯಾಲೆ ಬೂಟು ಮಡಗ್ತೀಯೇನ್ಲಾ?"

"ಅಯ್ಯೋ, ಎಲ್ಲವ್ವಾ ಮಡಗ್ದೆ? ಗಾಳೀಲೇ ಐತೆ ನೋಡು ಕಾಲು!"

"ಗಾಳೀಲೇ ಇರ್ಲಿ. ಎಲ್ಡು ತಿಂಗ್ಳಲ್ಲಿ ಒಂಬತ್ತು ಸಾವ್ರದ ಮ್ಯಾಲೆ ದಾಟವ್ರೆ, ಎಣಿಸಿವ್ನಿ ನಾನು. ಒಬ್ರಂದ್ರೆ ಒಬ್ರು ತುಳ್ದಿಲ್ಲ. ಮಕ್ಳೂ ಸೈತ ಎಗರ್ಕೊಂಡು ಓಯ್ತವೆ. ನೀನೊಬ್ಬ ಬಂದೆ ಮಿಲಿಟ್ರಿಯೋನು!"

ನಾರಪ್ಪನ ಕೈಯಲ್ಲಿದ್ದ ಬಟ್ಟಲು ಹಾಗೆಯೇ ನಿಂತಿತು.

"ಏನಂದೆ ಅವ್ವ?"

"ಇನ್ನೇನಂದೆ? ಎಂತಾ ಮರ್ಯಾದಸ್ಥ ಜನ ಅಂದೆ."

ಅವನು ಎದ್ದು ಬಾಗಿಲಿಗೆ ಹೋದ. ಹೊರಗೆ ಹೋಗಿ ಒಳಗೆ ಬಂದ. ಮತ್ತೆ ಹೋಗಿ ಮತ್ತೆ ಬಂದ. ಜೀವಮಾನದಲ್ಲಿ ಮೊದಲ ಸಲ ತನ್ನ ಕಾಲನ್ನು ತಾನೇ ನೋಡಿಕೊಂಡ. ಬಲಗಾಲು, ಯಾರ ಅಪ್ಪಣೆಯನ್ನೂ ಕೇಳದೆ, ಹಲಗೆಯಿಂದ ಗೇಣುದ್ದ ಮೇಲೆದ್ದು, ಆಚೆ ಇಳಿಯುತ್ತಿತ್ತು. ಎಡಗಾಲು ಅದರ ಹಿಂದೆಯೇ. ನಿಂತು, ಬೇಕೆಂದೇ ಹಲಗೆಯ ಮೇಲೆ ಪಾದ ಇಡಲು ಹೋದ. ಕಾಲು ಅರ್ಧಕ್ಕೆ ಬಂದು ಮುಂದೆ ಇಳಿಯಲಿಲ್ಲ.

"ಲೇ!" ಎಂದಳು ಮುತ್ತಮ್ಮ.

ಮೂರು ಗಂಟೆ ಜಗುಲಿಯ ಮೇಲೆ ಕೂತು ಎಲ್ಲರ ಮುಖ ಬರೆದುಕೊಂಡಿದ್ದು ಅವನಿಗೆ ನೆನಪಾಯಿತು. ಜಗತ್ತಿನಲ್ಲಿ ಕಾಲು ಬೀಳದೆ ಉಳಿಯುವ ಜಾಗ ಎಲ್ಲಿಯಾದರೂ ಇದ್ದರೆ ಅದು ಇದೊಂದೇ. ಅದನ್ನೇ ಅವನು ಹುಡುಕಿ ಆರಿಸಿದ್ದ. ವರದಿಯ ಸೊನ್ನೆಗಳು ನಿಜವೇ, ಆದರೆ ಅವು ವಾರ್ನಿಶ್ಶಿನ ವಿಷಯ ಏನನ್ನೂ ಹೇಳುತ್ತಿರಲಿಲ್ಲ. ನಾಳೆ ಬೂಟು ಹಾಕಿಕೊಂಡ ದೊರೆ ಆ ನೆಲದ ಮೇಲೆ ನಿಲ್ಲುತ್ತಾನೆ. ಅದು ಎಷ್ಟು ದಿನ ಬಾಳುತ್ತದೆಂದು ಅದನ್ನು ಕುದಿಸಿದವನಿಗೇ ಗೊತ್ತಿಲ್ಲ.

"ಚಿನ್ನರಾಜ್, ನಿನ್ನ ಬೂಟು ಎಷ್ಟನೇ ನಂಬರು?"

"ಎಂಟು, ಸಾರ್. ಯಾಕೆ ಸಾರ್?"

"ಸಂಜೆಗೆ ವಾಪಸ್ ಕೊಡ್ತೀನಿ."

ಬೆಳಿಗ್ಗೆ ಹತ್ತೂ ಮುಕ್ಕಾಲಿಗೆ ಅವನು ಪ್ರಯೋಗಶಾಲೆಯಲ್ಲಿ ಅದೇ ನಾಲ್ಕು ತುಂಡುಗಳನ್ನು ಒಂದು ದೊಡ್ಡ ಹಲಗೆಯ ನಾಲ್ಕು ಮೂಲೆಗೆ ಬಿಗಿದ. ಬೂಟಿನ ತುದಿಗೆ ಬಟ್ಟೆ ತುರುಕಿ ಹಾಕಿಕೊಂಡು ಸುತ್ತತೊಡಗಿದ. ಒಂದು ಸುತ್ತಿಗೆ ನಾಲ್ಕು ಹೆಜ್ಜೆ, ತುಂಡಿಗೊಂದು. ವರದಿಯಲ್ಲಿ ಬರೆದಷ್ಟೇ ಹೆಜ್ಜೆ ಆಗಬೇಕಾದರೆ ಎರಡು ಸಾವಿರದ ನಾನೂರ ಅರವತ್ತೆರಡು ಸುತ್ತು. ತಲೆ ಸುತ್ತದಿರಲೆಂದೂ, ಮೊಳೆಯ ತಿರುವು ಒಂದೇ ಕಡೆ ಬೀಳದಿರಲೆಂದೂ ನೂರು ಸುತ್ತಿಗೊಮ್ಮೆ ದಿಕ್ಕು ಬದಲಿಸಿದ.

ಚಿನ್ನರಾಜ್ ಬರಿಗಾಲಲ್ಲಿ ಕಿಟಕಿಯ ಹತ್ತಿರ ಕೂತಿದ್ದ. ತನ್ನ ಬೂಟು ಏನಾಗುವುದೋ ಎಂಬ ಚಿಂತೆ ಅವನಿಗೆ.

"ನವಗ್ರಹಕ್ಕೆ ಒಂಬತ್ತು ಸುತ್ತು ಸಾಕು ಸಾರ್," ಎಂದ.

"ಎಣಿಕೆ ತಪ್ಪಿಸಬೇಡ. ಏಳುನೂರ ಹನ್ನೆರಡು."

"ಇನ್ನೂ ಎಷ್ಟು ಐತೆ?"

"ಸಾವಿರದ ಏಳುನೂರ ಐವತ್ತು."

"ಅಷ್ಟೊತ್ತಿಗೆ ಶನಿ ಮಹಾತ್ಮನೇ ಬ್ಯಾಡಪ್ಪ ಅಂತ ಊರು ಬುಟ್ಟು ಓಡೋಯ್ತಾನೆ ಬುಡಿ."

ಮಧ್ಯೆ ಮಧ್ಯೆ ನೀರು ಕುಡಿಯುತ್ತ, ಹಿಮ್ಮಡಿಗೆ ಬಟ್ಟೆ ಸುತ್ತುತ್ತ, ಎರಡು ಗಂಟೆ ಐವತ್ತೈದಕ್ಕೆ ಮುಗಿಸಿದ. ಒಟ್ಟು ನಾಲ್ಕು ಗಂಟೆ ಹತ್ತು ನಿಮಿಷ. ಕೂತು ಅಳೆದ. ಈ ಸಲ ಗೇಜಿಗೆ ಹೇಳಲು ಬೇಕಾದಷ್ಟಿತ್ತು. ಅರಗು ಪೂರ್ತಿ ಎದ್ದು ಅಡಿಯ ಮರ ಕಾಣುತ್ತಿತ್ತು. ಬರಿ ಮರ ಇಂಚಿನ ಸಾವಿರ ಪಾಲಿನಲ್ಲಿ ಹನ್ನೊಂದು ಪಾಲು ಸವೆದಿತ್ತು. ಕಡಲಾಚೆಯದು ಎರಡು ಪಾಲು ಮಾತ್ರ. ತನ್ನದು ಅದಕ್ಕಿಂತ ಕೊಂಚ ಹೆಚ್ಚು. ಕೆಟ್ಟದ್ದೇನಲ್ಲ, ಆದರೆ ಎಲ್ಲಕ್ಕಿಂತ ಒಳ್ಳೆಯದೂ ಅಲ್ಲ. ಬಳಿದದ್ದಂತೂ ಅದನ್ನೇ.

ಐದು ಗಂಟೆಗೆ ಕುಂಟುತ್ತ ವೆಂಕಟಾಚಲಂ ಅವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿ ಕಾಗದ ಮುಂದಿಟ್ಟ. ಅವರು ಕಾಗದವನ್ನು ಮಡಿಚಿ ಅವನ ಜೇಬಿಗೇ ತುರುಕಿದರು.

"ಸೊನ್ನೆ ಎಷ್ಟು ಅಳಗಾನ, ಎಷ್ಟು ಚೆಂದದ ನಂಬರ್! ಅದನ್ನ ಯಾಕಯ್ಯ ಕೆಡಿಸ್ತೀಯ? ವರದಿಗೆ ನಾನು ಸೈನು ಹಾಕಿ ಆಯ್ತು. ಒಂಬತ್ತು ಸಾವಿರ ಜನ ತುಳಿದೇ ಇಲ್ಲ ಅಂತ ನಾಳೆ ನೀನು ಬಾಯಿ ಬಿಟ್ಟರೆ ನಿನ್ನ ಕೆಲಸ ಹೋಯ್ತು, ನನ್ನ ಮಾನ ಹೋಯ್ತು. ಪೇಸಾಮ ಇರು, ಮಾತಾಡಬೇಡ. ನಾನೇ ಮಾತಾಡ್ತೀನಿ."

ಕೂಸಿನ ನೆನಪು, ಬಾಗಿಲಿನ ನೆನಪು ನಾರಪ್ಪನ ಬಾಯಿ ಕಟ್ಟಿದವು. ಕಾಗದವನ್ನು ಮಾತ್ರ ಹರಿದುಹಾಕಲಿಲ್ಲ; ಅಳತೆ ಬರೆದ ಕಾಗದವನ್ನು ಹರಿಯುವುದು ಅವನಿಂದ ಆಗದ ಕೆಲಸ.

ಸೋಮವಾರ ಎಂಟು ಗಂಟೆಗೆ ಲಾಂಚು ದಡ ಬಿಟ್ಟಿತು. ದೊರೆ ಕೋಣೆಯೊಳಗೆ ಬಂದು, ನೆಲದಲ್ಲಿ ತನ್ನ ಮುಖ ನೋಡಿಕೊಂಡು, ಕುರ್ಚಿ ಎಳೆದು ಕೂತು ವರದಿ ಓದಿದ. ಎರಡು ಸಲ ಓದಿದ. ಅವನಿಗೂ ಲೆಕ್ಕದ ತಲೆಯೇ.

"ಕಡಲಾಚೆಯ ವಾರ್ನಿಶ್ ಸೊನ್ನೆ. ನಿಮ್ಮದು ಸೊನ್ನೆ. ಅರಗು ಸೊನ್ನೆ. ಬಹಳ ಒಳ್ಳೆಯದು," ಎಂದ. "ಏನೂ ಹಚ್ಚದ ಮರವೂ ಸೊನ್ನೆ."

"ಎಲ್ಲವೂ ಸೊನ್ನೆ ಸರ್," ಎಂದರು ವೆಂಕಟಾಚಲಂ, ಬಹುಮಾನ ಬಂದವರಂತೆ.

"ಹಾಗಾದರೆ ಈ ವಾರ್ನಿಶ್ ನಮ್ಮನ್ನು ಯಾವುದರಿಂದ ಕಾಪಾಡಿತು, ಮಿಸ್ಟರ್ ವೆಂಕಟಾಚಲಂ? ಇನ್ನು ಮುಂದೆ ಯಾವ ದೋಣಿಯ ನೆಲಕ್ಕೂ ಏನನ್ನೂ ಬಳಿಯುವುದು ಬೇಡ. ವಾರ್ನಿಶ್ ಬೇಡವೆಂದಮೇಲೆ ಅದನ್ನು ಆರಿಸುವವರೂ ಬೇಡ. ಇಲಾಖೆಗೆ ಎಷ್ಟು ಉಳಿತಾಯ!" ನಾರಪ್ಪನ ಕಡೆ ತಿರುಗಿ ಮನಸಾರೆ ಮೆಚ್ಚಿ ಹೇಳಿದ: "ನಿನ್ನ ಕೆಲಸ ಬಹಳ ಚೆನ್ನಾಗಿ ಮುಗಿಯಿತು."

ಮುಗಿಯಿತು ಎಂಬ ಮಾತು ನಾರಪ್ಪನಿಗೆ ಸರಿಯಾಗಿಯೇ ಕೇಳಿಸಿತು. ನಿಜ ಹೇಳಿದರೆ ಹೋಗುತ್ತದೆಂದು ಹೆದರಿದ್ದ ಕೆಲಸ ಈಗ ಸುಳ್ಳಿಗೆ ಹೋಗುತ್ತಿತ್ತು. ವೆಂಕಟಾಚಲಂ ಕಣ್ಣಲ್ಲೇ ತಡೆದರು. ಅವನು ನಿಲ್ಲಲಿಲ್ಲ.

"ಸರ್, ಆ ತುಂಡುಗಳನ್ನು ಯಾರೂ ತುಳಿಯಲಿಲ್ಲ."

"ಒಂಬತ್ತು ಸಾವಿರದ ಎಂಟುನೂರ ನಲವತ್ತೆಂಟು ಅಂತ ನೀನೇ ಬರೆದಿದ್ದೀಯ."

"ಅವರು ದಾಟಿದರು ಸರ್."

"ಹಾರಿಕೊಂಡು?"

"ಹೌದು ಸರ್."

ದೊರೆ ವರದಿ ಕೆಳಗಿಟ್ಟ. ಇವನಿಗೆ ತಲೆ ನೆಟ್ಟಗಿದೆಯೇ ಎಂದು ಅಳೆಯುವಂತೆ ನೋಡಿದ. ಆ ಕೋಣೆಯ ಬಾಗಿಲಿಗೆ, ಅಲೆಯ ನೀರು ಒಳಗೆ ಬಾರದಿರಲೆಂದು, ನಾಲ್ಕು ಇಂಚು ಎತ್ತರದ ಹಲಗೆಯೊಂದನ್ನು ಅಡ್ಡ ಹೊಡೆದಿದ್ದರು. ನಾರಪ್ಪನ ಕಣ್ಣು ಅಲ್ಲಿ ನಿಂತಿತು.

"ಸರ್, ದಯವಿಟ್ಟು ವೆಂಕಟಾಚಲಂ ಸಾಹೇಬರನ್ನು ಒಮ್ಮೆ ಹೊರಗೆ ಹೋಗಿ ಬರಲು ಹೇಳಿ. ತಾವು ಅವರ ಕಾಲನ್ನು ಮಾತ್ರ ನೋಡಿ."

ವೆಂಕಟಾಚಲಂ ಉರಿಗಣ್ಣು ಬಿಡುತ್ತ ಹೊರಗೆ ಹೋದರು, ಉರಿಗಣ್ಣು ಬಿಡುತ್ತಲೇ ಒಳಗೆ ಬಂದರು. ಆ ಕೋಪದಲ್ಲಿಯೂ ಅವರ ಹೊಳೆಯುವ ಬೂಟು ಎರಡು ಸಲವೂ ಹಲಗೆಗೆ ಸೋಕದೆ, ಬೇಕಾದ್ದಕ್ಕಿಂತ ಒಂದು ಗೇಣು ಮೇಲೆಯೇ ಹಾದುಹೋಯಿತು. ದೊರೆ ಲಾಂಚಿನ ಡ್ರೈವರನನ್ನು ಕರೆದ. ಅವನೂ ಹಾಗೆಯೇ ಬಂದ. ಕಾಫಿ ತಂದವನನ್ನು ನೋಡಿದ. ತುಂಬಿದ ತಟ್ಟೆ ಹಿಡಿದು ಅವನೂ ಹಾಗೆಯೇ. ಕೊನೆಗೆ ದೊರೆ ತಾನೇ ಎದ್ದು ಹೊರಗೆ ಹೋಗಿ ಬಂದ. ಆ ಹಲಗೆಯ ನಟ್ಟನಡುವೆ ಅವನ ಬೂಟಿನ ಗುರುತು ಬಿತ್ತು.

"ಯಾರೂ ನನಗೆ ಇದನ್ನು ಹೇಳಲಿಲ್ಲ," ಎಂದ. ಅವನು ಈ ದೇಶಕ್ಕೆ ಬಂದು ಹತ್ತೊಂಬತ್ತು ವರ್ಷವಾಗಿತ್ತು.

"ನಮಗೂ ಗೊತ್ತಿರಲಿಲ್ಲ ಸರ್," ಎಂದ ನಾರಪ್ಪ, ಮತ್ತು ಜೇಬಿನ ಕಾಗದ ತೆಗೆದುಕೊಟ್ಟ.

ದೊರೆ ಅದನ್ನೂ ಎರಡು ಸಲ ಓದಿದ. ತುಳಿದವರು ಯಾರು, ಎಂಥ ಬೂಟು, ಎಷ್ಟು ಹೊತ್ತು ಎಂದು ಕೇಳಿದ. ಬರಿ ಮರ ಸವೆಯುತ್ತದೆಂದು ತಿಳಿದು, ತನ್ನ ಉಳಿತಾಯ ಕೈತಪ್ಪಿದ್ದಕ್ಕೆ ನಿಟ್ಟುಸಿರಿಟ್ಟ. ಕಾಯಂ ಕೆಲಸದ ಮಾತೆತ್ತಲಿಲ್ಲ. ಹೊಸ್ತಿಲಿಗೂ ನೆಲಕ್ಕೂ ವ್ಯತ್ಯಾಸ ತಿಳಿಯದ ಪರೀಕ್ಷಕನನ್ನು ಕಾಯಂ ಮಾಡುವುದು ಹೇಗೆ? ತಿಳಿದಮೇಲೆ ನಾಲ್ಕು ಗಂಟೆ ಸುತ್ತಿದವನನ್ನು ಕಳಿಸುವುದು ಹೇಗೆ? ಮತ್ತೆ ಮೂರು ತಿಂಗಳು ಮುಂದುವರಿಸಿ, ಈ ಲಾಂಚಿನ ನೆಲದ ಮೇಲೆಯೇ, ಬೇರೆಯವರ ಕಾಲುಗಳಿಂದ, ಪರೀಕ್ಷೆಯನ್ನು ಮೊದಲಿನಿಂದ ಮಾಡಬೇಕೆಂದು ಬರೆದು ಸಹಿ ಹಾಕಿದ.

ಸಂಜೆ ಮುತ್ತಮ್ಮ ಮಗನ ಹಿಮ್ಮಡಿಗೆ ಬಿಸಿನೀರು ಹಾಕುತ್ತ ಕೇಳಿದಳು. "ಕಾಯಂ ಆಯ್ತಾ?"

"ಮೂರು ತಿಂಗಳು."

"ಕೂಸು ಬರೋದು ಜೂನ್‌ಗೆ. ಸಾಕು ಬುಡು."

ಮರುದಿನ ಹಳೆಯ ವರದಿ ವಾಪಸು ಬಂತು. ವೆಂಕಟಾಚಲಂ ಅದರಲ್ಲಿ 'ಕ್ರಾಸ್' ಎಂಬ ಪದವಿದ್ದ ಕಡೆಯೆಲ್ಲ ಕೆಂಪು ಮಸಿಯಲ್ಲಿ ಗೆರೆ ಎಳೆದಿದ್ದರು. ನಾರಪ್ಪ ಹೊಸ ಹಾಳೆ ತೆಗೆದು ಶುಚಿಯಾಗಿ ಗೆರೆ ಹಾಕಿ, ತನ್ನ ವಾರ್ನಿಶ್ಶಿನ ಎದುರು ಬರೆದ: ಮೊಳೆ ಬೂಟಿನಿಂದ ತುಳಿದದ್ದು ಎರಡು ಸಾವಿರದ ನಾನೂರ ಅರವತ್ತೆರಡು ಸಲ, ಸವೆತ, ಒಂದು ಇಂಚಿನ ಸಾವಿರ ಪಾಲಿನಲ್ಲಿ ಮೂರು ಪಾಲು.